ಹೊಸ ಕಾಳಿನ ತುತ್ತು

ಅಕ್ಕ ಬಂದಿದ್ದಾಳೆಂದು ನರ್ಸ್ ಬಂದು ಹೇಳುವ ಮೊದಲೇ ಅವನ ಮೂಗಿಗೆ ಗೊತ್ತಾಗಿತ್ತು. ನಿವೃತ್ತ ಬಸ್ ಕಂಡಕ್ಟರನ ಕೊನೆಯ ದವಡೆಹಲ್ಲನ್ನು ಇಕ್ಕಳದಲ್ಲಿ ಹಿಡಿದು ಅತ್ತಿತ್ತ ಅಲುಗಿಸುತ್ತಿದ್ದಾಗ, ಲವಂಗದೆಣ್ಣೆ, ಸ್ಪಿರಿಟ್ಟು, ರಬ್ಬರ್ ಗ್ಲೌಸುಗಳ ಎಂದಿನ ವಾಸನೆಯೊಳಗೆ ಬಾಗಿಲ ಸಂದಿಯಿಂದ ಸುಟ್ಟ ತೆನೆಯ ವಾಸನೆ ನುಸುಳಿ ಬಂತು. ಎಲ್ಲೋ ವೈರು ಸುಡುತ್ತಿರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳಲು ಹೆಣಗಿದ ಎಂದರೇ ಸರಿ. ವೈರು ಸುಟ್ಟರೆ ಯಾರ ಬಾಯಲ್ಲೂ ನೀರೂರುವುದಿಲ್ಲ. ಮಾಸ್ಕಿನೊಳಗೆ ಅವನ ಬಾಯಿ, ಒಡೆಯನ ಅಪ್ಪಣೆ ಕೇಳದೆ, ನೀರೂರಿಸಿಕೊಂಡು ಕೂತಿತ್ತು. ಇವತ್ತು ಹೊಸ ಕಾಳಿನ ದಿನವೇ? ಬೆಳಗ್ಗೆ ಕ್ಯಾಲೆಂಡರ್ ನೋಡಿದ್ದ. ಅದರಲ್ಲಿ ಬ್ಯಾಂಕಿನ ರಜೆಗಳಿದ್ದವು, ಗ್ಯಾಸ್ ಏಜೆನ್ಸಿಯ ಫೋನ್ ನಂಬರಿತ್ತು. ಹೊಸ ಕಾಳಿನ ದಿನ ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ. ಗುಡ್ಡದ ಮೇಲಿನ ತೆನೆ ಬಾಗಿ, ಹಕ್ಕಿ ಬಂದು ಕೂತ ಮಾರನೆಯ ದಿನ ಅದು. ಹಕ್ಕಿ ಕೂತಿದ್ದು ಪೇಟೆಯಲ್ಲಿ ಹಲ್ಲು ಕೀಳುವವನಿಗೆ ಹೇಗೆ ಗೊತ್ತಾಗಬೇಕು?

ನರ್ಸ್ ಬಾಗಿಲನ್ನು ಅರ್ಧ ತೆರೆದಳು. ಅವನಿಗಿಂತ ನಾಲ್ಕಾರು ವರ್ಷ ದೊಡ್ಡವಳು, ಅವನ ಕ್ಲಿನಿಕ್ಕಿನ ಬೀಗದ ಕೈಯಿಂದ ಹಿಡಿದು ಬಿ.ಪಿ. ಮಾತ್ರೆಯವರೆಗೆ ಎಲ್ಲವನ್ನೂ ನೋಡಿಕೊಳ್ಳುವವಳು.

"ಡಾಕ್ಟ್ರೇ, ಒಬ್ಬರು ವಯಸ್ಸಾದ ಅಮ್ಮ ಬಂದಿದ್ದಾರೆ. ನಿಮ್ಮನ್ನೇ ಕೇಳ್ತಿದ್ದಾರೆ. ಹಲ್ಲುನೋವಾ ಅಂದ್ರೆ ಅಲ್ಲ ಅಂತಾರೆ."

"ಹಾಂ. ನಮ್ಮ ಊರ ಕಡೆಯವರು," ಎಂದ. ಕಣ್ಣು ಕಂಡಕ್ಟರನ ಬಾಯೊಳಗೇ ಇತ್ತು. "ಕೂರಿಸಿ. ಒಂದು ಟೋಕನ್ ಕೊಡಿ."

"ಟೋಕನ್ನಾ?"

"ಕೊನೇದು ಕೊಡಿ."

ನರ್ಸ್ ಬಾಗಿಲು ಹಿಡಿದುಕೊಂಡು ಇನ್ನೂ ಏನೋ ಬರಲಿದೆ ಎನ್ನುವಂತೆ ನಿಂತಳು. ಬರಲಿಲ್ಲ. ಅವಳು ಹೋದಳು. ಅಷ್ಟರಲ್ಲಿ ಹಲ್ಲು ಬೇರುಸಮೇತ ಕೈಗೆ ಬಂತು. ಜೀವಮಾನವಿಡೀ ಸೀಟಿ ಊದಿದ ಕಂಡಕ್ಟರ್, ಮರಗಟ್ಟಿದ ತುಟಿಯಲ್ಲೇ ಸಮಾಧಾನದ ನಿಟ್ಟುಸಿರು ಬಿಟ್ಟ. ಹತ್ತಿಯುಂಡೆ ಇಟ್ಟು, ಗಟ್ಟಿಯಾಗಿ ಕಚ್ಚಿಕೊಳ್ಳಿ, ರಕ್ತ ನಿಲ್ಲುವವರೆಗೆ ಹೊರಗೆ ಕೂತಿರಿ, ಏನೂ ತಿನ್ನಬಾರದು ಎಂದು ಹೇಳುವಾಗ ತನ್ನ ದನಿ ಯಾರದೋ ಬಾಯಿಂದ ಬಂದ ಹಾಗೆ ಕೇಳಿಸಿತು.

ಹೊಸ ಕಾಳಿನ ದಿನ ಯಾರೂ ತಮ್ಮ ಕೈಯಿಂದ ತಾವು ತಿನ್ನುವುದಿಲ್ಲ. ಅವರ ಜನದ ಹಬ್ಬವೆಂದರೆ ಅಷ್ಟೇ, ಉಳಿದದ್ದೆಲ್ಲ ಅದಕ್ಕೆ ತಯಾರಿ. ಬೆಳಕು ಹರಿಯುವ ಮೊದಲು ಹಳೆಯ ಬೆಂಕಿಗೆ ನೀರು ಹೊಯ್ದು ಒಲೆ ತಣ್ಣಗೆ ಮಾಡುತ್ತಾರೆ. ಕುಡುಗೋಲನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಮಲಗಿಸುವ ಹಾಗೆ ಮೂಲೆಯಲ್ಲಿ ಮಲಗಿಸಿ, ಇಷ್ಟು ದಿನ ದುಡಿದೆ, ಇನ್ನು ನಿದ್ದೆ ಮಾಡು ಎಂದು ಹೇಳುತ್ತಾರೆ. ಮೊದಲ ಕಂತೆ ಹಕ್ಕಿಗಳಿಗೆ. ಅವು ಬಂದು ತಿನ್ನುವವರೆಗೆ ಮಕ್ಕಳು ಉಸಿರು ಬಿಗಿಹಿಡಿದು ಕೂತಿರಬೇಕು. ಅವನೊಮ್ಮೆ ಸೀನಿ ಇಡೀ ಊರಿನ ಊಟವನ್ನು ಮಧ್ಯಾಹ್ನಕ್ಕೆ ತಳ್ಳಿ ಎಲ್ಲರ ಕೈಲೂ ಬೈಸಿಕೊಂಡಿದ್ದ. ಆಮೇಲೆ ಹೊಸ ಬೆಂಕಿಯಲ್ಲಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಣದಲ್ಲಿ ಇಬ್ಬಿಬ್ಬರಾಗಿ ಎದುರುಬದುರು ಕೂರುತ್ತಾರೆ. ನನ್ನ ಬಾಯಿಗೆ ನೀನು, ನಿನ್ನ ಬಾಯಿಗೆ ನಾನು. ಒಂದು ಬಾಯಿಗೆ ಒಂದೇ ಕೈ. ಹಾಗೆ ಹಾಕಿಕೊಂಡವರು ಮುಂದಿನ ಹೊಸ ಕಾಳಿನವರೆಗೆ ಕೈಬಾಯಿಯವರು: ಒಬ್ಬರು ಮಲಗಿದರೆ ಇನ್ನೊಬ್ಬರು ಗಂಜಿ ಕಾಯಿಸಬೇಕು, ಒಬ್ಬರು ಸತ್ತರೆ ಇನ್ನೊಬ್ಬರು ಕೊನೆಯ ನೀರು ಬಿಡಬೇಕು. ತಲೆ ಎಣಿಸಿ ಒಬ್ಬರು ಹೆಚ್ಚಾದರೆ ದಾರಿಗೆ ಹೋಗಿ ಕೂಗಿ ಯಾರು ಸಿಕ್ಕರೂ ಕರೆತರುತ್ತಿದ್ದರು. ಒಂದು ವರ್ಷ ಅಲ್ಯೂಮಿನಿಯಂ ಪಾತ್ರೆ ಮಾರುವವನೊಬ್ಬ ಸಿಕ್ಕಿಬಿದ್ದು, ವರ್ಷವಿಡೀ ಊರಿಗೆಲ್ಲ ಮಾವನಾಗಿದ್ದ. ಪಾತ್ರೆಯ ಬೆಲೆಯನ್ನು ಮಾತ್ರ ಒಂದು ಕಾಸೂ ಇಳಿಸಲಿಲ್ಲ. ಯಾರೂ ಸಿಗದಿದ್ದರೆ ಏನು ಮಾಡೋದವ್ವ ಎಂದು ಚಿಕ್ಕಂದಿನಲ್ಲಿ ಅವನು ಕೇಳಿದ್ದಕ್ಕೆ ಅವ್ವ, "ಯಾರೂ ಇಲ್ಲದ ದಾರಿ ಎಲ್ಲಿರುತ್ತೆ ಮಗಾ?" ಎಂದು ನಕ್ಕಿದ್ದಳು. ಅಕ್ಕ ಮಾತ್ರ ಅವನ ಕಿವಿ ಹಿಂಡಿ, "ತನ್ನ ಕೈಯಿಂದ ತಾನೇ ಹಾಕ್ಕೊಂಡವನನ್ನ ಸತ್ತವರೂ ಮಾತಾಡಿಸಲ್ಲ," ಎಂದಿದ್ದಳು. ಕಿವಿ ಹಿಂಡಿದ ಉರಿ ಈಗಲೂ ಇದ್ದ ಹಾಗಿತ್ತು.

ಕಂಡಕ್ಟರನನ್ನು ಹೊರಗೆ ಬಿಡುವ ನೆಪದಲ್ಲಿ ಬಾಗಿಲವರೆಗೆ ಬಂದ. ಅವಳು ಮೀನಿನ ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ, ಪೂರ್ತಿ ಒರಗದೆ, ತುದಿಯಲ್ಲಿ ಕೂತಿದ್ದಳು. ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಅಕ್ಕ ಇಷ್ಟು ಗಿಡ್ಡವೇ? ಮಡಿಲಲ್ಲಿ ಬಟ್ಟೆಯ ಗಂಟು. ಒಂದು ಕೈಯಲ್ಲಿ ಟೋಕನ್. ಹೋದ ಮಳೆಗಾಲ ಚಿಕ್ಕಮ್ಮ ತೀರಿಕೊಂಡಾಗ, ಬರಲಾಗಲಿಲ್ಲವೆಂದು ಫೋನಿನಲ್ಲಿ ಹೇಳುತ್ತಿದ್ದ ಅವನ ತಲೆಯಲ್ಲಿ ಅದು ಹೊಳೆದಿರಲಿಲ್ಲ, ಈಗ ಹೊಳೆಯಿತು. ಚಿಕ್ಕಮ್ಮ ಅಕ್ಕನ ಕೈಬಾಯಿಯವಳಾಗಿದ್ದಳು. ಉಳಿದವರು ಗುಡ್ಡ ಇಳಿದು, ತೋಟದ ಲೈನುಮನೆಗಳಿಗೂ ಇಟ್ಟಿಗೆ ಗೂಡುಗಳಿಗೂ ಚದುರಿಹೋಗಿ ಎಷ್ಟೋ ಕಾಲವಾಗಿತ್ತು. ಅಲ್ಲಿ ಮೇಲೆ ಈಗ ಅಕ್ಕ, ಒಂದು ಪಟ್ಟೆ ಹೊಲ, ಹಕ್ಕಿಗಳು. ಎದುರಿಗೆ ಕೂರಲು ಒಂದು ಬಾಯಿ ಹುಡುಕಿಕೊಂಡು ಎರಡು ಬಸ್ಸು ಬದಲಿಸಿ, ಬೆಳಗ್ಗೆಯಿಂದ ಒಂದು ಹನಿ ನೀರೂ ಮುಟ್ಟದೆ ಬಂದಿದ್ದಾಳೆ. ಇಷ್ಟನ್ನು ಅವನು ಒಂದೇ ನೋಟದಲ್ಲಿ ತಿಳಿದುಕೊಂಡ. ತಿಳಿದುಕೊಂಡದ್ದು ಮುಖದಲ್ಲಿ ಕಾಣದಿರಲೆಂದು ಮಾಸ್ಕನ್ನು ಇನ್ನಷ್ಟು ಮೇಲೆಳೆದುಕೊಂಡ. ಯಾಕೆಂದರೆ ಅಕ್ಕನ ಪಕ್ಕದಲ್ಲೇ, ಒಂದು ಕುರ್ಚಿ ಬಿಟ್ಟು, ಹೆಡ್‌ಮೇಡಂ ಕೂತಿದ್ದರು. ಪೇಟೆಯ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಅವನನ್ನು ಕ್ಲಬ್ಬಿಗೆ ಸೇರಿಸಿದವರು, "ನಮ್ಮ ಡಾಕ್ಟ್ರು ಎಷ್ಟು ಸಂಭಾವಿತ ಮನೆತನದವರು" ಎಂದು ತಾವೇ ಊಹಿಸಿಕೊಂಡು ನಾಲ್ಕು ಜನರ ಮುಂದೆ ಹೇಳುವವರು. ಅವನು ಹೌದೆಂದೂ ಅಂದಿರಲಿಲ್ಲ, ಅಲ್ಲವೆಂದೂ ಅಂದಿರಲಿಲ್ಲ.

"ಕೂತ್ಕೊಂಡಿರಿ ಅಮ್ಮ," ಎಂದ ಅಕ್ಕನಿಗೆ. "ಇವರದ್ದೆಲ್ಲ ಆಗಲಿ. ಆಮೇಲೆ ನೋಡ್ತೀನಿ."

ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಅವಳ ಕಣ್ಣು ಹೆಡ್‌ಮೇಡಂ ಕಡೆಗೂ, ಹೆಡ್‌ಮೇಡಂ ಕೈಯ ಚರ್ಮದ ಚೀಲದ ಕಡೆಗೂ ಒಮ್ಮೆ ಹೋಗಿ ವಾಪಸು ಬಂತು.

"ಆಗ್ಲಿ ಡಾಕ್ಟ್ರೇ," ಎಂದಳು. "ನೀವು ಕೆಲಸ ಮುಗಿಸಿ."

ಒಳಗೆ ಬಂದು ಕೈ ತೊಳೆದ. ಇನ್ನೊಮ್ಮೆ ತೊಳೆದ. ಅವನು ಹುಟ್ಟಿದಾಗಿನಿಂದ ಅಕ್ಕ ಅವನಿಗೆ ಯಾವತ್ತೂ ಬಹುವಚನ ಹಾಕಿರಲಿಲ್ಲ. ಬೈಯುವಾಗಲೂ ನೀನು, ಜ್ವರ ಬಂದು ಹಣೆ ಮುಟ್ಟುವಾಗಲೂ ನೀನು. ಅವನೇ ಮೊದಲು ಶುರು ಮಾಡಿದ್ದು ನಿಜ. ಆದರೆ ಅವಳು ಒಂದು ಕ್ಷಣವೂ ತಡವರಿಸದೆ ಆ ಆಟಕ್ಕೆ ಇಳಿದುಬಿಟ್ಟಿದ್ದಳು. ಪರವಾಗಿಲ್ಲ, ದಾರಿಯಿದೆ ಎಂದು ಸಮಾಧಾನ ಮಾಡಿಕೊಂಡ. ದಾರಿ ತುಂಬ ಸುಲಭವಾಗಿತ್ತು, ಅದನ್ನು ಯೋಚಿಸಿದ್ದಕ್ಕೆ ಒಳಗೊಳಗೇ ಬೀಗಿದ ಕೂಡ. ಎಲ್ಲರೂ ಹೋದ ಮೇಲೆ ಕೊನೆಯ ಟೋಕನ್ ಬರುತ್ತದೆ. ಪೇಷಂಟಿನ ಹಾಗೆಯೇ ಅವಳು ಒಳಗೆ ಬರುತ್ತಾಳೆ, ಬಾಗಿಲು ಹಾಕುತ್ತಾನೆ, ಈ ಕುರ್ಚಿಯಲ್ಲಿ ಕೂರಿಸಿ ದೀಪದ ಕೆಳಗೆ ಅವಳ ಬಾಯಿಗೆ ಕಾಳು ಹಾಕುತ್ತಾನೆ, ಅವಳು ಇವನಿಗೆ ಹಾಕುತ್ತಾಳೆ. ನರ್ಸಿಗೂ ಗೊತ್ತಾಗಬೇಕಿಲ್ಲ. ದಿನವಿಡೀ ಕಂಡವರ ಬಾಯಿಗೆಲ್ಲ ಕೈ ಹಾಕುವವನು ಅಕ್ಕನ ಬಾಯಿಗೆ ಹಾಕಿದರೆ ಯಾರಿಗೇನು ಅನುಮಾನ? ಪದ್ಧತಿಯೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಮುಂದಿನ ಪೇಷಂಟಿನ ಹಲ್ಲು ಕ್ಲೀನ್ ಮಾಡುತ್ತ, ಯಂತ್ರದ ಕಿರ್ರೆನ್ನುವ ಸದ್ದಿನ ನಡುವೆ, ಯಾವ ಮರ್ಯಾದೆ ಎಂದು ತನ್ನನ್ನೇ ಕೇಳಿಕೊಂಡ. ನೀರು ಉಗಿಯಿರಿ ಎಂದು ಪೇಷಂಟಿಗೆ ಹೇಳಿದ.

ಅವನು ಓದುತ್ತಿದ್ದ ಕಾಲದ ಹಾಸ್ಟೆಲಿನಲ್ಲಿ ವಾರ್ಡನ್ ಒಳ್ಳೆಯ ಮನುಷ್ಯ. ಅದೇ ತೊಂದರೆಯಾಗಿತ್ತು, ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಸಾಂಸ್ಕೃತಿಕ ದಿನಕ್ಕೆ ಪ್ರತಿಯೊಬ್ಬರೂ ತಮ್ಮ ತಮ್ಮ ಜನದ ಕುಣಿತ ತೋರಿಸಬೇಕೆಂದು ಹೇಳಿ, ಅವನ ಬೆನ್ನು ತಟ್ಟಿ, ನಿನ್ನದೇ ಮುಖ್ಯ ಆಕರ್ಷಣೆ ಕಣಪ್ಪ ಎಂದಿದ್ದರು. ಅವರ ಜನಕ್ಕೆ ಕುಣಿತವಿರಲಿಲ್ಲ. ಸುಗ್ಗಿ ಮುಗಿದರೆ ಎಲ್ಲರೂ ಕಣದಲ್ಲಿ ಅಡ್ಡಬಿದ್ದು ನಿದ್ದೆ ಹೊಡೆಯುತ್ತಿದ್ದರು. ಕುಣಿತವಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅಂಗಡಿಯಿಂದ ಬಣ್ಣದ ಗರಿಗಳನ್ನು ತಂದು ತಲೆಗೆ ಕಟ್ಟಿಕೊಂಡು, ಮುಖಕ್ಕೆ ಸುಣ್ಣ ಬಳಿದುಕೊಂಡು, ವೇದಿಕೆಯ ಮೇಲೆ ಹೋ ಹೋ ಎಂದು ಕುಪ್ಪಳಿಸಿದ್ದ. ಚಪ್ಪಾಳೆಯೋ ಚಪ್ಪಾಳೆ. ಪೇಪರಿನಲ್ಲಿ ಫೋಟೋ ಬಂತು. ಅದು ಹೇಗೋ ಗುಡ್ಡ ಹತ್ತಿ ಅಕ್ಕನ ಕೈಸೇರಿತ್ತು, ರಜೆಗೆ ಹೋದಾಗ ಅವಳು ಅದನ್ನು ಮುಂದೆ ಹಿಡಿದು, "ತಮ್ಮಾ, ಈ ಹುಂಜ ಯಾರೋ?" ಎಂದು ಕೇಳಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದಳು. ಅವನೂ ನಕ್ಕ. ಅದರ ಬಗ್ಗೆ ಮತ್ತೆ ಒಂದು ಮಾತೂ ಆಡಲಿಲ್ಲ ಅವಳು. ಎರಡು ಏಟು ಹಾಕಿದ್ದರೆ ಆವತ್ತೇ ಎಲ್ಲ ಮುಗಿಯುತ್ತಿತ್ತೋ ಏನೋ. ಆಮೇಲೆ ಅವನು ಯಾರಿಗೂ ತನ್ನ ಜನ ಯಾರೆಂದು ಹೇಳಲಿಲ್ಲ. ಹೇಳಿದರೆ ಕುಣಿ ಎಂದುಬಿಟ್ಟರೆ?

ಹೆಡ್‌ಮೇಡಂ ಬಂದು ಕುರ್ಚಿಯಲ್ಲಿ ಒರಗಿದರು. ಹುಳುಕು ಕೊರೆದು ಸಿಮೆಂಟು ತುಂಬುವ ಕೆಲಸ. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಹಲ್ಲಿನ ಗುಳಿಗೆ ಸಿಮೆಂಟು ಒತ್ತಿ, ಅದು ಗಟ್ಟಿಯಾಗುವವರೆಗೆ ಬೆರಳಿನಿಂದ ಅದುಮಿ ಹಿಡಿದು ನಿಂತಾಗ ಯಂತ್ರದ ಸದ್ದು ನಿಂತಿತು. ಹೊರಗಿನ ಮಾತು ಕೇಳತೊಡಗಿತು.

"ಏನಮ್ಮ ಅದು ಗಂಟಲ್ಲಿ? ಒಳ್ಳೇ ವಾಸನೆ ಬರ್ತಿದೆ." ಕಂಡಕ್ಟರನ ದನಿ, ಹತ್ತಿಯೊಳಗಿಂದ ತೊದಲುತ್ತ.

"ಹೊಸ ಕಾಳು. ಇವತ್ತು ನಮ್ಮಲ್ಲಿ ಹಬ್ಬ."

"ಮತ್ತೆ ತಿನ್ನದೆ ಹಾಗೇ ಇಟ್ಕೊಂಡಿದ್ದೀರಿ? ಮುಖ ನೋಡಿದ್ರೆ ಏನೂ ತಿಂದ ಹಾಗಿಲ್ಲ."

"ನಾನೇ ತಿನ್ನೋ ಹಾಗಿಲ್ಲಪ್ಪ. ಬೇರೆಯವರ ಕೈಯಿಂದ ಬೀಳ್ಬೇಕು ಬಾಯಿಗೆ." ಅಕ್ಕ ನಾಚಿಕೆಯಿಲ್ಲದೆ, ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದಳು. ಬೆಂಕಿ ಆರಿಸುವುದು, ಕುಡುಗೋಲು ಮಲಗಿಸುವುದು, ಹಕ್ಕಿ, ಕೈಬಾಯಿ, ಎಲ್ಲವನ್ನೂ. ಯಾರೋ ನಕ್ಕರು, ಯಾರೋ ಅಯ್ಯೋ ಎಂದರು. ಕುರ್ಚಿಗಳನ್ನು ಎಳೆದ ಸದ್ದಾಯಿತು.

"ಹಾಗಾದ್ರೆ ಇಲ್ಲಿ ನಿಮ್ಮವರು ಯಾರೂ ಇಲ್ವಾ?" ಎಂದ ಕಂಡಕ್ಟರ್.

ಅವನು ಉಸಿರು ಹಿಡಿದ. ಬೆರಳಡಿಯ ಸಿಮೆಂಟು ಇನ್ನೂ ಮೆತ್ತಗಿತ್ತು. ಈಗ ಬಿಟ್ಟರೆ ಕಿತ್ತುಬರುತ್ತದೆ. ಬಿಟ್ಟು ಹೋಗಬಹುದಿತ್ತು, ಮತ್ತೆ ತುಂಬಿದರಾಯಿತು. ಹಲ್ಲಿನ ಗುಳಿ ಎಲ್ಲಿಗೆ ಓಡಿಹೋಗುತ್ತದೆ? ಅವನ ಬೆರಳು ಮಾತ್ರ ಹೆಡ್‌ಮೇಡಂ ಹಲ್ಲಿಗೆ ಅಂಟಿಕೊಂಡೇ ಇತ್ತು.

"ಒಬ್ಬರಿದ್ದರು," ಎಂದಳು ಅಕ್ಕ. "ಅವರು ಕೆಲಸದಲ್ಲಿದ್ದಾರೆ."

"ಹಬ್ಬದ ದಿನ ಎಂಥ ಕೆಲಸ! ಮೈಯೆಲ್ಲ ನಡುಗ್ತಿದೆ ನಿಮಗೆ. ಎಲ್ಲಿ, ಯಾರಾದ್ರೂ ಆಗತ್ತಾ? ನನ್ನ ಕೈ ಆಗತ್ತಾ? ಟಿಕೆಟ್ ಹರಿದೂ ಹರಿದೂ ಸವೆದ ಕೈ, ಅಷ್ಟೇ."

ಅಕ್ಕ ಮುಚ್ಚಿಯೂ ಮುಚ್ಚದ ಈ ಬಾಗಿಲನ್ನು ನೋಡುತ್ತಿದ್ದಾಳೆಂದು ಅವನಿಗೆ ಖಾತ್ರಿಯಾಗಿ ಗೊತ್ತಿತ್ತು. ಒಂದೇ ಒಂದು ಸಲ ಕೂಗಿದರೆ ಸಾಕಿತ್ತು. ಅಕ್ಕಾ ಎಂದು ಕೂಗಲು ಬಾಯಿಗೆ ಎಷ್ಟು ಹೊತ್ತು ಬೇಕು?

"ದಾರಿಯಲ್ಲಿ ಸಿಕ್ಕವರ ಕೈಯೂ ಕೈಯೇ," ಎಂದಳು ಅಕ್ಕ. "ಆದ್ರೆ ಸುಮ್ಮನೆ ಅಲ್ಲಪ್ಪ. ಮುಂದಿನ ಸುಗ್ಗಿವರೆಗೆ ನಾನು ಮಲಗಿದ್ರೆ ನೀವು ಬರ್ಬೇಕು. ನೀವು ಮಲಗಿದ್ರೆ ನಾನು ಬರ್ತೀನಿ."

"ನಿಮ್ಮ ಗುಡ್ಡದ ರೂಟಿನಲ್ಲೇ ನನ್ನ ಸರ್ವಿಸ್ ಪೂರ್ತಿ ಆಗಿದ್ದು. ಬರ್ತೀನಿ ಬಿಡಿ."

ತೆನೆ ತಿಕ್ಕುವ ಸದ್ದು. ಹೊಟ್ಟು ಊದುವ ಸದ್ದು. ಆಮೇಲೆ ಎಲ್ಲರೂ ಒಟ್ಟಿಗೆ ಓ ಎಂದರು. ಬಿದ್ದಿತು ಎಂದು ಅವನಿಗೆ ಗೊತ್ತಾಯಿತು. "ಡಾಕ್ಟ್ರು ನಂಗೆ ಏನೂ ತಿನ್ಬೇಡಿ ಅಂದಿದ್ದಾರಲ್ಲಮ್ಮ," ಎಂದು ಕಂಡಕ್ಟರ್ ಗೋಳಾಡಿದ್ದಕ್ಕೆ ಅಕ್ಕ, "ಆಚೆ ಕಡೆ ಹಲ್ಲಿಗೆ ಒಂದೇ ಕಾಳು ಹಾಕ್ತೀನಿ, ಡಾಕ್ಟ್ರಿಗೆ ಹೇಳಲ್ಲ, ಆ ಅನ್ನಿ," ಎಂದಳು. ಚಿಕ್ಕಂದಿನಲ್ಲಿ ಅವನಿಗೆ ಹೇಳುತ್ತಿದ್ದದ್ದು ಅದೇ ದನಿಯಲ್ಲಿ. ಹೊರಗೆಲ್ಲ ನಗು.

ಹೆಡ್‌ಮೇಡಂ ಬಾಯಿ ಮುಕ್ಕಳಿಸಿ, ಕರವಸ್ತ್ರದಿಂದ ತುಟಿ ಒರೆಸಿಕೊಂಡು, ಬೆರಗಿನಿಂದ ಹೇಳಿದರು: "ಕೇಳಿದ್ರಾ ಡಾಕ್ಟ್ರೇ? ಎಷ್ಟು ಚಂದ ಅಲ್ವಾ ಇವರ ಪದ್ಧತಿ! ನಮ್ಮ ವಾರ್ಷಿಕೋತ್ಸವಕ್ಕೆ ಇವರನ್ನ ಕರೆಸಿದ್ರೆ ಹೇಗೆ? ಮಕ್ಕಳು ನೋಡ್ಬೇಕು ಇಂಥಾದ್ದೆಲ್ಲ. ನಿಮ್ಮ ಊರ ಕಡೆಯವರೇ ಅಂತೆ, ನರ್ಸ್ ಅಂದ್ರು, ಸ್ವಲ್ಪ ಕೇಳ್ತೀರಾ?"

"ವಿಚಾರಿಸ್ತೀನಿ ಮೇಡಂ," ಎಂದ ಅವನು.

ಅವರು ಹೋದರು. ಉಳಿದಿದ್ದ ಒಬ್ಬಿಬ್ಬರದ್ದೂ ಮುಗಿಯಿತು. ನರ್ಸ್ ಕೊನೆಯ ಟೋಕನ್ ಎಂದು ಕೂಗಿದಳು. ಅಕ್ಕ ಒಳಗೆ ಬಂದು, ತಾನೇ ಬಾಗಿಲು ಮುಚ್ಚಿ, ಟೋಕನನ್ನು ಮೇಜಿನ ಮೇಲಿಟ್ಟಳು. ಕೆನ್ನೆಯಲ್ಲಿ ಸ್ವಲ್ಪ ಬಣ್ಣ ಬಂದಿತ್ತು. ನೀರು ಕುಡಿದಿದ್ದಳು, ಗದ್ದದ ಮೇಲೆ ಒಂದು ಹನಿ ಇತ್ತು.

"ತಮ್ಮಾ," ಎಂದಳು. "ನಂಗೆ ಆಯ್ತು."

"ಅಕ್ಕ, ನಾನೇ ಹಾಕ್ತಿದ್ದೆ. ನಿನ್ನ ಸರದಿ ಈಗ ಬಂದಿತ್ತು. ಇನ್ನೊಂದು ಸ್ವಲ್ಪ ಹೊತ್ತು ಕಾದಿದ್ರೆ..."

"ಗೊತ್ತು. ಈ ಕುರ್ಚಿಯಲ್ಲಿ ಮಲಗಿಸಿ, ಬಾಗಿಲು ಹಾಕ್ಕೊಂಡು ಹಾಕ್ತಿದ್ದೆ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಕುರ್ಚಿಯ ರೆಗ್ಜಿನನ್ನು ಮುಟ್ಟಿ ನೋಡಿದಳು, ದೀಪವನ್ನು ನೋಡಿದಳು. "ಕಾಯ್ಬೇಕು ಅಂತಲೇ ಇದ್ದೆ ಕಣೋ. ತಲೆ ತಿರುಗಿಬಿಡ್ತು. ಆ ಮನುಷ್ಯ ಕೇಳಿದ, ನಾನು ಹೇಳಿದೆ. ಅಷ್ಟೇ."

"ನನಗೆ?" ಎಂದ. ತನ್ನ ಬಾಯಿಂದ ಅಷ್ಟು ಸಣ್ಣ ದನಿ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. "ನನಗೆ ಯಾರು ಹಾಕೋದು?"

ಅಕ್ಕ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ಬೆರಳುಗಳಿಗೆ ಇನ್ನೂ ಮಸಿ ಅಂಟಿತ್ತು. ಹಾಕಿಬಿಡೋಣ, ಯಾರು ನೋಡುತ್ತಾರೆ ಎಂದು ಅವಳಿಗೂ ಅನಿಸಿರಬಹುದು. ಕೈ ಅರ್ಧ ಎದ್ದಿತು ಕೂಡ. ಆಮೇಲೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ನನ್ನ ಕೈ ಆಗಿಹೋಯ್ತಲ್ಲೋ ಈ ವರ್ಷಕ್ಕೆ," ಎಂದಳು. ಗಂಟು ಬಿಚ್ಚಿ ಎರಡು ತೆನೆ ತೆಗೆದು ಟ್ರೇಯಲ್ಲಿ, ಇಕ್ಕಳದ ಪಕ್ಕ ಇಟ್ಟಳು. "ಆ ನರ್ಸಮ್ಮ ಒಳ್ಳೇವಳು. ಅವಳನ್ನ ಕೇಳು. ಯಾರನ್ನ ಕೇಳಿದ್ರೂ ಹಾಕ್ತಾರೆ ತಮ್ಮಾ. ನೀನು ಕೇಳ್ಬೇಕಷ್ಟೆ."

ಅವನ ತಲೆಯ ಮೇಲೆ ಎಡಗೈ ಇಟ್ಟು ಒಂದು ಸಲ ಕೂದಲು ಸವರಿ ಹೊರಟಳು. ಅವಳನ್ನು ಕಳಿಸಲು ಬಾಗಿಲವರೆಗೂ ಹೋಗಲಿಲ್ಲ ಅವನು. ಹೋಗಬಹುದಿತ್ತು, ಹಾಲಿನಲ್ಲಿ ಈಗ ಕಂಡಕ್ಟರನನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಾಲುಗಳು ಕುರ್ಚಿಯ ಪೆಡಲಿನ ಪಕ್ಕದಲ್ಲೇ ನಿಂತಿದ್ದವು. ಗಂಟು ಕೊಡಿ ಅಮ್ಮ, ಈಗೊಂದು ಬಸ್ಸಿದೆ, ಡ್ರೈವರ್ ನನ್ನ ಪರಿಚಯದವನೇ, ಮುಂದಿನ ಸೀಟು ಹಿಡಿಸಿಕೊಡ್ತೀನಿ ಎನ್ನುವ ಮಾತು ಮೆಟ್ಟಿಲಿಳಿಯುತ್ತ ಹೋಯಿತು.

ನರ್ಸ್ ಒಳಗೆ ಬಂದು ಸ್ಟೆರಿಲೈಜರ್ ಆರಿಸಿ, ಕಸದ ಬುಟ್ಟಿ ಕಟ್ಟತೊಡಗಿದಳು. ಶನಿವಾರ ಅರ್ಧ ದಿನ; ಮಧ್ಯಾಹ್ನಕ್ಕೆ ಬೀಗ. ಅವಳು ಬೆನ್ನು ತಿರುಗಿಸಿದ್ದಾಗ ಅವನು ಹೇಳಿದ, ನಾಲಿಗೆಯ ಮೇಲೆ ಭಾರ ಇಟ್ಟಂತೆ: "ಅವಳು ನನ್ನ ಅಕ್ಕ."

"ಗೊತ್ತು ಡಾಕ್ಟ್ರೇ."

"ಗೊತ್ತಾ?"

"ಎಷ್ಟು ಸಲ ಫೋನ್ ಎತ್ತಿದ್ದೀನಿ ನಾನು. ತಮ್ಮ ಉಂಡನಾ, ತಮ್ಮ ಸರಿಯಾಗಿ ಮಲಗ್ತಾನಾ ಅಂತ ನನ್ನನ್ನೇ ಕೇಳ್ತಾರೆ. ನಿಮಗೆ ಹೇಳ್ಬೇಡ ಅಂದಿದ್ರು. ಇವತ್ತು ದನಿ ಕೇಳಿದ ಕೂಡಲೇ ತಿಳೀತು." ಬುಟ್ಟಿಯ ಬಾಯಿ ಕಟ್ಟಿ ಎದ್ದಳು. "ಮುಖವೂ ಅದೇ ಅಲ್ವಾ, ಅಚ್ಚೊತ್ತಿದ ಹಾಗೆ. ಕಂಡಕ್ಟ್ರೂ ಕೇಳಿದ್ರು ನನ್ನ, ಡಾಕ್ಟ್ರ ಅಕ್ಕನಾ ಅಂತ. ಹೆಡ್‌ಮೇಡಂ ಒಬ್ಬರನ್ನ ಬಿಟ್ಟು ಎಲ್ಲರಿಗೂ ಗೊತ್ತಿತ್ತು ಅಂತ ಕಾಣತ್ತೆ. ನೀವು ಹೊರಗೆ ಬರ್ತೀರಾ ಅಂತ ನೋಡ್ತಾ ಇದ್ವಿ ಎಲ್ಲರೂ."

ಅವನಿಗೆ ಕಿವಿಯಿಂದ ಕತ್ತಿನವರೆಗೆ ಬಿಸಿಯಾಯಿತು. ಇಷ್ಟು ವರ್ಷ ಯಾರ ಕಣ್ಣಿನಿಂದ ಮುಚ್ಚಿಟ್ಟೆ ಎಂದುಕೊಂಡಿದ್ದನೋ ಆ ಕಣ್ಣುಗಳೆಲ್ಲ ಅದನ್ನು ನೋಡಿ, ಪಾಪ ಎಂದುಕೊಂಡು, ನೋಡದ ಹಾಗೆ ಇದ್ದುಬಿಟ್ಟಿದ್ದವು. ನಾಚಿಕೆಪಡಲು ಈಗ ಒಂದು ವಿಷಯವೂ ಉಳಿದಿರಲಿಲ್ಲ, ನಾಚಿಕೆ ಮಾತ್ರ ಪೂರ್ತಿ ಉಳಿದಿತ್ತು.

ನರ್ಸ್ ಟ್ರೇಯಲ್ಲಿದ್ದ ತೆನೆಗಳನ್ನು ನೋಡಿದಳು. ನಲ್ಲಿ ತಿರುಗಿಸಿ ಸೋಪು ಹಚ್ಚಿ ಕೈ ತೊಳೆದುಕೊಂಡಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಟವಲಿನಲ್ಲಿ ಒರೆಸಿಕೊಂಡು ಅವನ ಕಡೆ ತಿರುಗಿ ನಿಂತಳು.

"ಡಾಕ್ಟ್ರೇ, ಏನಾದ್ರೂ ಬೇಕಿತ್ತಾ?"

"ಇಲ್ಲ," ಎಂದ ಅವನು. "ಏನಿಲ್ಲ. ನೀವು ಹೊರಡಿ."

"ನಿಜವಾಗ್ಲೂ?"

"ಹೊರಡಿ, ಹೊತ್ತಾಯ್ತು."

ಅವಳು ಚೀಲ ತೆಗೆದುಕೊಂಡಳು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದಳು. ಅವನು ತೆನೆಗಳನ್ನು ಅಂಗೈಯಲ್ಲಿಟ್ಟು ತಿಕ್ಕಿದ. ಕೈ ಮರೆತಿರಲಿಲ್ಲ. ಹೊಟ್ಟು ಊದಿದಾಗ ಅದು ಎಕ್ಸ್-ರೇ ನೋಡುವ ಗಾಜಿನ ಮೇಲೆಲ್ಲ ಹಾರಿ ಕೂತಿತು. ಅಂಗೈಯಲ್ಲಿ ಒಂದು ಹಿಡಿಗಿಂತ ಕಡಿಮೆ ಕಾಳು ಉಳಿಯಿತು, ಹಸಿರು ಇನ್ನೂ ಪೂರ್ತಿ ಆರದ್ದು. ಕಿಟಕಿಯ ಕೆಳಗೆ ರಸ್ತೆಯಾಚೆ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಅಕ್ಕನನ್ನು ಮುಂದೆ ಹತ್ತಿಸಿ, ಹಿಂದಿನಿಂದ ತಾನೂ ಹತ್ತಿದ. ಅವಳನ್ನು ಗುಡ್ಡದ ಬುಡದವರೆಗೆ ಬಿಟ್ಟುಬರುವವನೇ ಇರಬೇಕು. ಅಕ್ಕ ಕಿಟಕಿಯ ಪಕ್ಕ ಕೂತಳು. ಮೇಲೆ ನೋಡಲಿಲ್ಲ. ಬಸ್ಸು ಹೋಯಿತು. ನರ್ಸಿನ ಚಪ್ಪಲಿಯ ಸದ್ದು ಇನ್ನೂ ಮೆಟ್ಟಿಲ ಮೇಲಿತ್ತು, ಮೊದಲ ತಿರುವು, ಎರಡನೆಯ ತಿರುವು, ಎಂದಿಗಿಂತ ನಿಧಾನವಾಗಿ. ಕೂಗಿದರೆ ಕೇಳಿಸುತ್ತಿತ್ತು. ಕೂಗಬೇಕೆಂದೇ ಅವನು ಬಾಯಿ ತೆರೆದ. ತೆರೆದ ಬಾಯಿಗೆ ಅವನದೇ ಕೈ ಬಂತು.

ಕೆಳಗೆ ಗೇಟು ಹಾಕಿದ ಸದ್ದಾಯಿತು. ಕಹಿಯಾಗಬಹುದು, ಗಂಟಲಿಗೆ ಸಿಕ್ಕಿಹಾಕಿಕೊಳ್ಳಬಹುದು ಎಂದು ಅವನು ಕಾದ. ಕಾಳಿಗೆ ಯಾರ ಕೈಯೆಂಬುದು ಗೊತ್ತಾಗಲೇ ಇಲ್ಲ. ಅದು ಚಿಕ್ಕಂದಿನಲ್ಲಿದ್ದಷ್ಟೇ ಸಿಹಿಯಾಗಿತ್ತು.